ಗಾಳಿಯ ಮಸಿ, ಹಿಮದ ನೀರು ಮತ್ತು ಸಂಧ್ಯಾರಾಣಿ

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಶಿಶುವಿಹಾರದ ಅಂಗಳದಲ್ಲಿ ಸಂಧ್ಯಾರಾಣಿ ಮೊಣಕಾಲೂರಿ ಕೂತು, ಗಾಳಿ ಎಳೆಯುವ ಯಂತ್ರದ ಮುಚ್ಚಳ ಬಿಚ್ಚುತ್ತಾರೆ. ಒಳಗಿನ ಬಿಳಿ ಫಿಲ್ಟರ್ ತಿಳಿ ಬೂದಿಯಾಗಿದೆ. ಅದನ್ನು ಚಿಮುಟದಲ್ಲಿ ಎತ್ತಿ ಡಬ್ಬಿಗೆ ಹಾಕುತ್ತಾರೆ.

"ಇದು ಊರಿನ ಮಾಮೂಲಿ ಬಣ್ಣರಿ, ಹೆದರೂದು ಬ್ಯಾಡ" ಎಂದು ನನ್ನ ಮುಖ ನೋಡಿ ನಗುತ್ತಾರೆ. "ಬೆಂಕಿ ಬಿದ್ದಾಗ ನೋಡಬೇಕಿತ್ತು, ಹಂಚಿನ ತಳಾ ಇದ್ದಂಗಿತ್ತು."

ಅವರು ಧಾರವಾಡದವರು. ಸೂಕ್ಷ್ಮಜೀವಿಗಳ ಬಗ್ಗೆ ಓದಿದವರು. ಪತಿ ಯೋಗೀಶರ ಕೆಲಸದ ನಿಮಿತ್ತ ಇಲ್ಲಿಗೆ ಬಂದಾಗ 'ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ' ಎಂದು ಯಾರೂ ಕೆಲಸಕ್ಕೆ ಕರೆಯಲಿಲ್ಲ. ತಣ್ಣನೆಯ ಗೋದಾಮಿನಲ್ಲಿ ತರಕಾರಿ ಆರಿಸಿದರು. ಆಮೇಲೆ ಗಾಳಿ, ನೀರು ಪರೀಕ್ಷಿಸುವ ಪ್ರಯೋಗಾಲಯವೊಂದಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿ, ಕ್ರಮೇಣ ಟೆಕ್ನಿಶಿಯನ್ ಆದರು. ವರದಿಗಳಲ್ಲಿ ಅವರ ಹೆಸರು ಇರುವುದಿಲ್ಲ.

ಗಾಳಿಯಲ್ಲಿ ನಮ್ಮ ವಂಶವಾಹಿಯನ್ನೇ ಕೆಡಿಸುವ ವಸ್ತು ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಫಿಲ್ಟರಿನ ಮಸಿಯನ್ನು ಕರಗಿಸಿ, ಬೆಳೆಯಲಾಗದಂತೆ ಮಾಡಿದ ಬ್ಯಾಕ್ಟೀರಿಯಾದ ಜೊತೆ ಗಾಜಿನ ತಟ್ಟೆಯಲ್ಲಿ ಬೆರೆಸುತ್ತಾರೆ. ಮಸಿ ಅವುಗಳ ವಂಶವಾಹಿಯನ್ನು ಬದಲಿಸಿದರೆ ಕೆಲವು ಮತ್ತೆ ಬೆಳೆದು ಬಿಳಿ ಚುಕ್ಕೆಗಳಾಗುತ್ತವೆ. ಚುಕ್ಕೆ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಕಳೆದ ಚಳಿಗಾಲದಲ್ಲಿ ಹತ್ತಿರದ ಪ್ಲಾಸ್ಟಿಕ್ ಗೋದಾಮೊಂದು ಹೊತ್ತಿ ಉರಿಯಿತು. ಮೊದಲ ತಟ್ಟೆಗಳ ತುಂಬ ಚುಕ್ಕೆಗಳು. ಶಿಶುವಿಹಾರ ಅಂಗಳಕ್ಕೆ ಬೀಗ ಹಾಕಿತು. ಮಗಳು ಆದ್ಯಾಳನ್ನು ಅಲ್ಲಿಗೆ ಕಳಿಸುತ್ತಿದ್ದ, ಅದೇ ಬೀದಿಯ ನಿವೇದಿತಾ ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು: "ಆಂಟಿ, ರಿಸಲ್ಟ್ ಬಂತಾ? ಆದ್ಯಾಗೆ ಆಸ್ತಮಾ ಬೇರೆ. ಸಬರ್ಬ್ ಚೇಂಜ್ ಮಾಡ್ಬಿಡೋಣ ಅಂತಿದ್ದಾರೆ ನಮ್ಮನೆಯವರು."

"ಹೇಳೂ ಹಂಗಿರಲಿಲ್ರಿ. ಪೂರ್ತಿ ತಿಳೀದ ಏನಂತ ಹೇಳೂದು?" ಎನ್ನುತ್ತಾರೆ ಸಂಧ್ಯಾರಾಣಿ.

ವಾರಗಳು ಕಳೆದಂತೆ ಅಂಗಳದ ಗಾಳಿ ತಿಳಿಯಾಗತೊಡಗಿತು. ಹೊಗೆ ಎಷ್ಟು ದೂರ ಹೋಗಿದೆ ಎಂಬುದನ್ನೂ ತಿಳಿಯಬೇಕಿತ್ತು. ಬೀಳುವ ಹಿಮ ಗಾಳಿಯಲ್ಲಿದ್ದುದನ್ನು ಹೊತ್ತು ಇಳಿಯುತ್ತದೆ. ಸಂಧ್ಯಾರಾಣಿ ಚಳಿಗಾಲದಲ್ಲಿ ಹಿಮ ಬೀಳುವ ದೂರದ ಬೆಟ್ಟಕ್ಕೆ ಹೋಗಿ ಗಾಜಿನ ಬಾಟಲಿಗಳಲ್ಲಿ ಹಿಮ ತುಂಬಿ ತಂದು, ಕರಗಿಸಿ ಪರೀಕ್ಷಿಸಿದರು. ತಟ್ಟೆಯ ತುಂಬ ಚುಕ್ಕೆ! ಊರಿನ ಗಾಳಿ ಸುಧಾರಿಸುತ್ತಿದ್ದರೂ ದೂರದ ಬೆಟ್ಟದ ಹಿಮ ಕೆಟ್ಟಿದೆ ಎಂದರೆ ಪರೀಕ್ಷೆಯನ್ನೇ ನಂಬುವಂತಿರಲಿಲ್ಲ. ಅಂಗಳ ತೆರೆಯುವ ಮಾತು ಅಲ್ಲಿಗೇ ನಿಂತಿತು.

"ಆ ದಿನ ಊಟಾ ಸೇರಲಿಲ್ರಿ. ಹಿಮಾ ಎಲ್ಲಿ ತುಂಬಿದೆ ಅಂತ ನೆನಸಕೋತ ಕುಂತೆ. ಟೂರಿಸ್ಟ್ ಬಸ್ ನಿಲ್ಲೂ ಜಾಗದ ಮಗ್ಗಲಾಗ! ಚಳಿ ಅಂತ ಇಂಜಿನ್ ಬಂದ್ ಮಾಡಿರಲಿಲ್ಲ ಅವು. ಹೊಗಿ ಎಲ್ಲಾ ಹಿಮದ ಮ್ಯಾಲ."

ಮರುದಿನವೇ ಪ್ರಯೋಗಾಲಯದ ಮುಖ್ಯಸ್ಥ ಪ್ರತಾಪ್ ಬಳಿ ಹೋಗಿ ತಪ್ಪು ತಮ್ಮದೇ ಇರಬಹುದು ಎಂದರು. ಅವರು ರೇಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇನ್ನೊಂದ್ಸಲ ಸ್ಯಾಂಪಲ್ ತನ್ನಿ, ಡೌಟ್ ಇಟ್ಕೊಂಡು ರಿಪೋರ್ಟ್ ಕಳ್ಸೋದ್ ಬೇಡ" ಎಂದರಷ್ಟೆ.

ಈ ಬಾರಿ ಬಸ್ಸಿನ ಸದ್ದು ಕೇಳದಷ್ಟು ದೂರ, ಗಾಳಿಗೆ ಎದುರಾಗಿ ಮೊಣಕಾಲುದ್ದದ ಹಿಮದಲ್ಲಿ ನಡೆದರು. ಹೊಸ ತಟ್ಟೆ ತೆಗೆದಾಗ ಅಲ್ಲೊಂದು ಇಲ್ಲೊಂದು ಚುಕ್ಕೆ. ಏನೂ ಬೆರೆಸದ ತಟ್ಟೆಯಲ್ಲೂ ಅಷ್ಟಿರುತ್ತದೆ. ಹಿಮ ಶುದ್ಧವಾಗಿತ್ತು. ಆ ವಾರದ ಅಂಗಳದ ಫಿಲ್ಟರೂ ಊರಿನ ಮಾಮೂಲಿ ಮಟ್ಟಕ್ಕೆ ಇಳಿದಿತ್ತು. "ಕುರ್ಚಿ ಮ್ಯಾಲ ಧೊಪ್ಪಂತ ಕುಂತುಬಿಟ್ಟೆ. ಕಣ್ಣಾಗ ನೀರು. ನಮ್ಮ ಕೆಲಸದಾಗ ಏನೂ ಸಿಗಲಿಲ್ಲಂದ್ರ ಅದಕ್ಕಿಂತ ಛಲೋ ಸುದ್ದಿ ಇಲ್ರಿ."

ಅಂಗಳ ತೆರೆದ ದಿನ ನಿವೇದಿತಾ ಅವರ ಕೈ ಹಿಡಿದುಕೊಂಡರಂತೆ. ಆದ್ಯಾ ಆಗಲೇ ಜಾರುಬಂಡೆಯ ಮೇಲಿದ್ದಳು.

ನಿಮಗೇನು ಆಸೆ ಎಂದು ಕೇಳುತ್ತೇನೆ. ಸಂಧ್ಯಾರಾಣಿ ಡಬ್ಬಿಯನ್ನು ಚೀಲಕ್ಕಿಟ್ಟು ಏಳುತ್ತಾರೆ.

"ಒಮ್ಮೆ ಬಾಟಲಿ ಬಿಟ್ಟು ಬರೇ ಕೈಲೆ ಬೆಟ್ಟಕ್ಕ ಹೋಗಬೇಕ್ರಿ. ಯಾವಾಗ ಹೋದ್ರೂ ಸಂಗಾಟ ಬರೂ ನಮ್ಮನಿಯವರಿಗೆ 'ಅಲ್ಲಿ ಕಾಲಿಡಬ್ಯಾಡ್ರಿ, ಇಲ್ಲಿ ಮುಟ್ಟಬ್ಯಾಡ್ರಿ' ಅಂತ ಬೈದದ್ದ ಆತು. ಈ ಸಲ ಇಬ್ಬರೂ ಹಿಮಾ ಮನಸಾರೆ ತುಳದಾಡಿ ಬರತೀವಿ."