ಮುಳುಗಿದ ಹಡಗಿನ ಬಾಯ್ಲರಿನ ತನಕ

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಮೀನಿನ ಕಿವಿರು, ಆಕ್ಟೋಪಸ್ಸಿನ ತೋಳು, ನಕ್ಷತ್ರಮೀನಿನ ಕಾಲು ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಿದವಳು. ಸಮುದ್ರವನ್ನು ಮಾತ್ರ ದಡದಲ್ಲಿ ನಿಂತು, ಸೀರೆ ಎತ್ತಿ ಹಿಡಿದು ನೋಡಿದ್ದಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಬೆನ್ನುನೋವು ಶುರುವಾಗಿ, ಡಾಕ್ಟರು ಈಜಲು ಹೇಳಿದರು. ಮನೆ ಹತ್ತಿರದ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿಕೊಂಡೆ. ಬನಶಂಕರಿಯ ಗೆಳತಿ ಸಿಕ್ಕಿದ್ದು ಅಲ್ಲೇ. ಬ್ಯಾಂಕಿನಲ್ಲಿ ಕೆಲಸ, ಧೈರ್ಯ ಜಾಸ್ತಿ. ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಕೂದಲು ಒರೆಸಿಕೊಳ್ಳುತ್ತಾ ಹೇಳಿದಳು:

"ಗೋವಾ ಹತ್ರ ಒಂದು ಹಳೇ ಹಡಗು ಮುಳುಗಿದೆಯಂತೆ ಕಣೇ. ಜಾಸ್ತಿ ಆಳ ಇಲ್ವಂತೆ. ಸಿಲಿಂಡರ್ ಹಾಕ್ಕೊಂಡು ಇಳೀಬಹುದು. ದಸರಾ ರಜಕ್ಕೆ ಹೋಗೋಣ."

"ನಲವತ್ತು ದಾಟಿದೋರನ್ನ ಇಳಿಸ್ತಾರಾ?"

"ಹಡಗಿಗೆ ನಮಗಿಂತ ವಯಸ್ಸಾಗಿದೆ. ಅದು ಇಳಿದಿಲ್ವಾ?"

ಮನೆಯಲ್ಲಿ ಅತ್ತೆ, "ಮೀನು ನೋಡೋಕೆ ಅಷ್ಟು ದೂರ ಯಾಕೆ, ಕಬ್ಬನ್ ಪಾರ್ಕಿನಲ್ಲಿ ಅಕ್ವೇರಿಯಂ ಇದೆಯಲ್ಲ," ಅಂದರು. ಆದರೂ ದಾರಿಗೆ ಚಕ್ಕುಲಿ ಕಟ್ಟಿಕೊಟ್ಟರು.

ಗೋವಾದಲ್ಲಿ ನಮಗೆ ಕಲಿಸಿದವರು ಕಾರವಾರದವರು, ಹೆಚ್ಚು ಮಾತಿಲ್ಲದ ಮನುಷ್ಯ. ಮೊದಲು ಹೋಟೆಲಿನ ಕೊಳದಲ್ಲಿ ಬಾಯಲ್ಲಿ ಉಸಿರಾಡುವುದನ್ನೂ, ಮೂಗನ್ನೂ ಮುಚ್ಚುವ ಕನ್ನಡಕದೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದನ್ನೂ ಹೇಳಿಕೊಟ್ಟರು. ಹೆಬ್ಬೆರಳು ಮೇಲೆತ್ತಿದರೆ ನೀರಿನೊಳಗೆ 'ಚೆನ್ನಾಗಿದೆ' ಅಂತಲ್ಲ, 'ಮೇಲೆ ಹೋಗೋಣ' ಅಂತ. ಅದನ್ನು ಕಲಿಯಲು ನಮಗೆ ಇಡೀ ಬೆಳಗ್ಗೆ ಬೇಕಾಯಿತು.

ಸಮುದ್ರಕ್ಕೆ ಇಳಿದ ಮೊದಲ ದಿನ ನಾನು ಸೋತೆ. ಲಂಗರಿನ ಹಗ್ಗ ಹಿಡಿದು ಸ್ವಲ್ಪ ಕೆಳಗೆ ಹೋಗಿದ್ದೆ ಅಷ್ಟೇ, ಕಿವಿಯೊಳಗೆ ದಬ್ಬಣ ಚುಚ್ಚಿದ ಹಾಗಾಯಿತು. ಒತ್ತಡ ಬಿಡಿಸಲು ಕಲಿಸಿದ ಹಾಗೆ ಮೂಗು ಹಿಡಿದು ಊದಿದೆ, ಕಿವಿ ಬಿಡಲಿಲ್ಲ. ಹೆಬ್ಬೆರಳು ಎತ್ತಿದೆ. ಅವರು ನನ್ನನ್ನು ದೋಣಿ ಹತ್ತಿಸಿ, ಗೆಳತಿಯನ್ನು ಕರೆದುಕೊಂಡು ಕೆಳಗಿನ ಹಸಿರಿನಲ್ಲಿ ಮರೆಯಾದರು. ನಾನು ದೋಣಿಯಲ್ಲಿ ಟವೆಲ್ ಹೊದ್ದು ಕೂತು, ಅವಳು ಬಿಟ್ಟ ಗುಳ್ಳೆಗಳು ಮೇಲೆ ಬಂದು ಒಡೆಯುವುದನ್ನು ನೋಡುತ್ತಿದ್ದೆ. ಅವಳು ಮೇಲೆ ಬಂದಾಗ ಮುಖವೆಲ್ಲ ನಗು. ನನ್ನನ್ನು ನೋಡಿ ನಗು ನಿಲ್ಲಿಸಿದಳು. ಅದು ನನಗೆ ಇನ್ನೂ ಬೇಜಾರಾಯಿತು.

"ನಾಳೆ ನಾನು ದೋಣೀಲೇ ಇರ್ತೀನಿ ಸಾರ್," ಅಂದೆ.

"ನಿಮ್ಮ ಕಿವಿ ಸರಿಯಾಗೇ ಇದೆ ಮೇಡಂ. ನೋವು ಬಂದ್ಮೇಲೆ ಊದಿದ್ರಿ. ನೋವಿಗೆ ಮುಂಚೆನೇ ಊದ್ಬೇಕು, ಒಂದೊಂದು ಮೊಳಕ್ಕೂ. ನಾಳೆ ನಿಧಾನಕ್ಕೆ ಹೋಗೋಣ, ನಮಗೇನು ಬಸ್ ಹಿಡಿಯೋದಿದೆಯಾ?"

ಮರುದಿನ ಕಾಲು ಕೆಳಗೆ ಮಾಡಿ, ಬಾವಿಗೆ ಇಳಿಯುವವಳ ಹಾಗೆ ಹಗ್ಗ ಹಿಡಿದು ಇಳಿದೆ. ಒಂದು ಮೊಳ, ಒಂದು ಊದು. ನಿನ್ನೆ ನೋವು ಬಂದ ಜಾಗ ಹತ್ತಿರವಾದಾಗ ಹಗ್ಗ ಬಿಗಿಯಾಗಿ ಹಿಡಿದೆ. ನಿಂತೆ. ಉಗುಳು ನುಂಗಿ ಮತ್ತೆ ಊದಿದೆ. ಎರಡೂ ಕಿವಿಯಲ್ಲಿ ಚಿಟ್ ಎಂದು ಸದ್ದಾಯಿತು, ನೋವಿಲ್ಲ. ಪಕ್ಕದಲ್ಲೇ ಇದ್ದ ಕಾರವಾರದವರು ಕೈಯಲ್ಲೇ 'ಹೇಗಿದೆ?' ಎಂದು ಕೇಳಿದರು. ನಾನು ಬೆರಳು ದುಂಡಗೆ ಮಾಡಿ 'ಚೆನ್ನಾಗಿದೆ' ಎಂದು ತೋರಿಸಿದೆ, ಇಳಿಯುತ್ತಲೇ ಹೋದೆ.

ನೀರು ಮಜ್ಜಿಗೆಗೆ ಕೊತ್ತಂಬರಿ ಅರೆದು ಹಾಕಿದ ಹಾಗೆ ಮಬ್ಬು ಹಸಿರು. ಅದರೊಳಗಿಂದ ಮೊದಲು ಕಂಡದ್ದು ಬಾಯ್ಲರು, ಲಾರಿಯಷ್ಟು ದಪ್ಪ, ಮೈತುಂಬ ಚಿಪ್ಪು. ಸುತ್ತ ಹಡಗಿನ ಪಕ್ಕೆಲುಬುಗಳು ಮರಳಿನಿಂದ ಎದ್ದು ನಿಂತಿದ್ದವು. ಎಲ್ಲಿ ನೋಡಿದರೂ ಮೀನುಗಳ ಸಂಸಾರ. ಊಟದ ತಟ್ಟೆಯಂಥ ಚಪ್ಪಟೆ ಮೀನುಗಳು ಗುಂಪಾಗಿ ಬಂದು ನಮ್ಮನ್ನು ನೋಡಿಕೊಂಡು ಹೋದವು. ಒಂದು ತೂತಿನಿಂದ ಹಾವುಮೀನು ತಲೆ ಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಗೆಳತಿ ಹೆದರಿ ನನ್ನ ತೋಳು ಹಿಡಿದಳು. ಅದು ಕಚ್ಚಲು ಬರುತ್ತಿಲ್ಲ, ಉಸಿರಾಡುತ್ತಿದೆ ಎಂದು ನನಗೆ ಗೊತ್ತಿತ್ತು. ಅವಳ ಕೈ ತಟ್ಟಿದೆ.

ಬಾಯ್ಲರಿನ ನೆರಳಿನಲ್ಲಿ ಆಕ್ಟೋಪಸ್ಸಿನ ಬಳಗದ ಒಂದು ಕಟಲ್‌ಫಿಶ್ ಇತ್ತು. ನಮ್ಮ ಲ್ಯಾಬಿನ ಜಾಡಿಯಲ್ಲಿ ಅದು ಬೇಯಿಸಿದ ಕೋಸಿನ ಹಾಗೆ ಬೆಳ್ಳಗೆ ಬಿದ್ದಿರುತ್ತಿತ್ತು. ಇದು ತುಕ್ಕಿನ ಕೆಂಪಿನಲ್ಲಿತ್ತು. ಮರಳಿನ ಮೇಲೆ ಸರಿಯುತ್ತಿದ್ದಂತೆ ಮೈಯೆಲ್ಲ ಮರಳಿನ ಬಣ್ಣವಾಯಿತು. ನನ್ನ ಎದುರಿಗೆ ಬಂದು ನಿಂತಾಗ ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಮೈಮೇಲೆ ಹರಿದವು. ನಾನು ಏನನ್ನೂ ಹಿಡಿದುಕೊಳ್ಳದೆ, ಕಾಲೂ ಆಡಿಸದೆ, ಬರೀ ಉಸಿರಿನ ಮೇಲೆ ತೇಲುತ್ತಿದ್ದೇನೆ ಎಂದು ಆಗ ತಿಳಿಯಿತು. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲೆ ಬಂದು ದೋಣಿಯ ಅಂಚು ಹಿಡಿದಾಗ ಗೆಳತಿ, "ಏನಾದ್ರೂ ಹೇಳೇ," ಅಂದಳು. ನನಗೆ ಜೋರಾಗಿ ನಗು ಬಂತು. ಅವಳೂ ನಕ್ಕಳು, ಈ ಸಲ ನಿಲ್ಲಿಸಲಿಲ್ಲ.

ಬಿಸಿ ಚಹಾ ಕುಡಿದಾದ ಮೇಲೆ ಕಾರವಾರದವರು, "ಇನ್ನೊಂದು ಸಲ ಯಾರು ಬರ್ತೀರಿ?" ಎಂದು ಕೇಳಿದರು. ಗೆಳತಿ ಸುಸ್ತಾಗಿದೆ ಅಂದಳು. ನಾನು ಆಗಲೇ ಒದ್ದೆ ಕಾಲಿಗೆ ಈಜುವ ರಬ್ಬರು ರೆಕ್ಕೆ ತೊಡುತ್ತಿದ್ದೆ.