ಮಣ್ಣಿಗೆ ಬಂದವರು

ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಯಾರಾದರೂ ತೀರಿಕೊಂಡರೆ ಅವರನ್ನು ಮಣ್ಣು ಮಾಡುವವರೆಗೆ ಬಿತ್ತುವ ಕೂರಿಗೆ ಯಾವುದೂ ಊರು ಬಿಟ್ಟು ಹೊರಡಕೂಡದೆಂಬ ಪದ್ಧತಿ ಅಲ್ಲಿತ್ತು. ಹೆಣವೇ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಹಿರಿಯರು ಯೋಚಿಸಿರಲಿಲ್ಲ.

ಮುಂಬಯಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಅಣ್ಣನನ್ನು ಯಂತ್ರವೊಂದನ್ನು ಜೋಡಿಸಲೆಂದು ಅವನ ಸಾಹೇಬರು ವಿಮಾನದಲ್ಲಿ ಕರೆದೊಯ್ದಿದ್ದರು. ಘಟ್ಟದ ಬಿರುಮಳೆಯಲ್ಲಿ, ಮೋಡದೊಳಗೆ ದಾರಿ ಕಾಣದೆ, ಆ ವಿಮಾನ ಗುಡ್ಡಕ್ಕೆ ಬಡಿದು ಉರಿದುಹೋಯಿತು. ತಂತಿ ಬಂದ ಮುಂಜಾನೆ ನಮ್ಮಲ್ಲಿಯೂ ಹದವಾದ ಮಳೆ ಬಿದ್ದು ನಿಂತಿತ್ತು. ಊರೆಲ್ಲ ಸಜ್ಜೆ ಬಿತ್ತಲು ಎತ್ತು ಹೂಡುತ್ತಿತ್ತು. ಸುದ್ದಿ ಕೇಳಿ ಎಲ್ಲರೂ ನೊಗ ಇಳಿಸಿದರು.

ಅಗರಖೇಡದ ಸೋದರಮಾವ, ತಾಳಿಕೋಟೆಯ ಅತ್ತೆ, ಹೀಗೆ ನೆಂಟರೆಲ್ಲ ಮಣ್ಣಿಗೆಂದು ಬಂದು ಕುಳಿತರು. ನಾನು ಆ ವರ್ಷವಷ್ಟೇ ಬಿ.ಎ. ಪಾಸಾಗಿದ್ದೆ, ನಮ್ಮ ಮನೆತನದಲ್ಲಿ ಮೊದಲಿಗ. ಆದಕಾರಣ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು.

"ಹೆಣಾ ಯಾವಾಗ ಬರತೈತೋ?" ಎಂದರು ಮಾವ.

"ಗುರುತಿಸುವ ಸ್ಥಿತಿಯಲ್ಲಿಲ್ಲವೆಂದು ತಿಳಿಸಿದ್ದಾರೆ."

"ಏ ಬಿ.ಎ., ಪುಸ್ತಕ ಓದಬ್ಯಾಡೋ. ಬರತೈತೋ, ಇಲ್ಲೋ?"

ಒಳಗೆ ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಮಗನಿಗೆ ಒಂದು ಹಿಡಿ ಮಣ್ಣು ಕೊಡದೆ ಏಳುವುದಿಲ್ಲವೆಂದು ಆಕೆ ಕುಳಿತಲ್ಲಿಂದ ಕದಲಿರಲಿಲ್ಲ.

ಬಿಸಿಲು ಬಿದ್ದು ಹೊಲಗಳ ಹದ ಆರತೊಡಗಿತು. ಯಾರೂ ಆ ಮಾತೆತ್ತಲಿಲ್ಲ. ಆದರೆ ಹೋಗುತ್ತ ಬರುತ್ತ ಕಾಲ್ಬೆರಳಿನಿಂದ ನೆಲ ಒತ್ತಿ ನೋಡುತ್ತಿದ್ದರು. ನಮ್ಮ ಹೊಲಕ್ಕೆ ಹೊಂದಿ ಹೊಲವಿದ್ದ ಮುಸಲ್ಮಾನ ಹಿರಿಯರೊಬ್ಬರು ಅವ್ವನಿಗೆ ಚಹಾ ತಂದರು.

"ಯಕ್ಕಾ, ಒಂದ ಗುಟುಕು ಕುಡಿ."

"ನಿನ್ನ ಹೊಲಾ ಆರಾಕತ್ತೈತೇನ?"

"ಹೊಲದ್ದೇನ ಬಿಡ. ಮಳಿ ಮತ್ತ ಬರತೈತಿ."

"ಸುಳ್ಳ ಹೇಳಾಕ ಗಡ್ಡಾ ಬೆಳ್ಳಗ ಮಾಡಿಕೊಂಡಿಯೇನ? ನಮ್ಮ ಕಡೆ ಮಳಿ ಯಾವಾಗ ಹೇಳಿ ಬಂದೈತಿ?"

ಆಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಅವಾ ಬರೂದಿಲ್ಲ, ಹೌದಲ್ಲ?"

"ಬರೂದಿಲ್ಲವ್ವಾ."

ಆಕೆ ಎದ್ದು ಹೊಲಕ್ಕೆ ನಡೆದಳು. ಬಂದವರೆಲ್ಲ ಹಿಂದೆ ಹೊರಟರು. ಊರಲ್ಲಿದ್ದಾಗ ಅಣ್ಣ ಎತ್ತು ಕಟ್ಟುತ್ತಿದ್ದ ಬನ್ನಿಯ ಬುಡದಲ್ಲಿ, ಕುಣಿ ತೋಡದ ಬರಿಯ ನೆಲದ ಮೇಲೆ, ಅವ್ವ ಒಂದು ಹಿಡಿ ಮಣ್ಣು ಹಾಕಿದಳು. ಮಾವ ಹಾಕಿದರು, ಆ ಹಿರಿಯರು ಹಾಕಿದರು, ನಾನೂ ಹಾಕಿದೆ.

"ಮಣ್ಣ ಆತು," ಎಂದಳು. "ಕೂರಿಗಿ ಹೂಡ್ರಿ. ಮದಲ ನಮ್ಮದ ಹೂಡ್ರಿ."

ಕೂರಿಗೆಯ ಬಟ್ಟಲಿಗೆ ಬೀಜ ಬಿಡಲು ನೆರೆಯ ಹೆಣ್ಣುಮಕ್ಕಳು ಮುಂದೆ ಬಂದರು. ಅವ್ವ ಬೀಜ ತುಂಬಿದ ಉಡಿ ಬಿಟ್ಟುಕೊಡಲಿಲ್ಲ. ಮಣ್ಣು ಕೊಟ್ಟ ಕೈಯನ್ನು ತೊಳೆಯದೆಯೇ, ಮೊದಲ ಸಾಲಿನುದ್ದಕ್ಕೂ ಸಜ್ಜೆ ಬಿಡುತ್ತ ಹೋದಳು.