ಸೋಬಾನೆಯ ಕೊನೆಯ ತುಂಡು

ಫೋನಿನಲ್ಲಿ ವಿಡಿಯೋ ನಿಂತು ಆ ಬಿಳಿ ಚಕ್ರ ಗಿರಗಿರ ಸುತ್ತತೊಡಗಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನೆಟ್‌ವರ್ಕಿನ ಮೇಲಲ್ಲ ಸ್ವಾಮಿ, ನನ್ನ ನೆಂಟರ ಮೇಲೆ!

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಸೋಬಾನೆ ಎಂದರೆ ನಮ್ಮ ಮನೆಯ ದೊಡ್ಡವ್ವ. ಅವಳ ಉದ್ದನೆಯ ಮದುವೆ ಹಾಡೊಂದನ್ನು ನಾನು ವಿಡಿಯೋ ಮಾಡಿಕೊಂಡಿದ್ದೆ. ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿದು ಮಾತೇ ನಿಂತುಹೋಯಿತು.

ಆಗ ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವನು. ದೊಡ್ಡ ಸರ್ವರ್ ಇಲ್ಲದೆ, ನೋಡುವವರೇ ಒಬ್ಬರಿಗೊಬ್ಬರು ಹಂಚಿಕೊಂಡು ಬೇಕೆಂದಾಗ ವಿಡಿಯೋ ನೋಡುವುದಾದರೆ ಅದು ಎಷ್ಟು ಸರಾಗ ನಡೆದೀತು ಎಂದು ಲೆಕ್ಕ ಕಟ್ಟುವುದು ನನ್ನ ವಿಷಯ. ಹಾಡನ್ನು ತುಂಡು ತುಂಡಾಗಿಸಿ ತಾರಮಂಗಲಂನಿಂದ ಹರೂರಿನವರೆಗೆ ನೆಂಟರ ಫೋನುಗಳಿಗೆ ಬಿಟ್ಟೆ. ಯಾರು ಯಾವ ತುಂಡು ನೋಡಿದರೋ ಅದು ಅವರ ಫೋನಿನಲ್ಲಿ ಉಳಿಯುತ್ತದೆ, ಇನ್ನೊಬ್ಬರು ಕೇಳಿದರೆ ಅಲ್ಲಿಂದ ಹೋಗುತ್ತದೆ. ನನ್ನ ಲ್ಯಾಪ್‌ಟಾಪು ಕೆಟ್ಟು ಮೂಲ ವಿಡಿಯೋ ಅಳಿದಾಗಲೂ ನಾನು ಹೆದರಲಿಲ್ಲ. ನೋಡಲು ಕೂತವರು ಕೊನೆಯವರೆಗೂ ನೋಡುತ್ತಾರೆ ಎಂದು ನನ್ನ ಸಮೀಕರಣ ನಂಬಿತ್ತು. ಸಮೀಕರಣಕ್ಕೆ ನೆಂಟರಿರುವುದಿಲ್ಲ ನೋಡಿ.

ದೊಡ್ಡವ್ವನ ಮೊಮ್ಮಗಳು ಸೆಲ್ವಿಯ ಮದುವೆ ಬಂತು. "ಅಜ್ಜಿ ಆಡಿಲ್ದೆ ನಾನು ಅಸೆಮಣೆ ಮ್ಯಾಲೆ ಕೂರಾಕಿಲ್ಲ" ಎಂದಳು. ಕೊನೆಯ ತುಂಡಿನಲ್ಲಿ ದೊಡ್ಡವ್ವ ಅವಳ ಹೆಸರು ಹಿಡಿದೇ ಹರಸಿದ್ದಳು. ಮದುವೆಯ ಹಿಂದಿನ ದಿನ ಹಾಡು ಹಾಕಿ ನೋಡಿದೆ. ಮೊದಲ ತುಂಡು ಓಡಿತು. ಆಮೇಲೆ ಚಕ್ರ.

ಎಲ್ಲರಿಗೂ ಫೋನು ಮಾಡಿದೆ. ಹರೂರಿನ ಚಿಕ್ಕಪ್ಪ, "ಸೂಪರಾಗೈತಪ್ಪಾ! ಒಸಿ ನೋಡ್ದೆ, ಅಷ್ಟೊತ್ಗೆ ಸೀರಿಯಲ್ ಬಂತು" ಎಂದ. ತಾರಮಂಗಲದ ಅತ್ತೆ, "ಅಯ್ಯೋ ನನ್ ಕಣ್ಣೇ, ಅದು ಮುಗಿಯಾದೇ ಇಲ್ವಲ್ಲ!" ಎಂದಳು. ಮೊದಲ ತುಂಡು ಎಲ್ಲರಲ್ಲೂ ಇತ್ತು, ಕೊನೆಯದು ಒಬ್ಬರಲ್ಲೂ ಇಲ್ಲ. ಥೂ, ಎಂಥ ಜನ! ತಮ್ಮ ಮನೆ ಮದುವೆಗಳಲ್ಲಿ ಗಂಟಲು ಕಟ್ಟುವವರೆಗೆ ಅವಳಿಂದ ಹಾಡಿಸಿಕೊಂಡವರು ಇವರೇ. ನಡುಮನೆಯಲ್ಲಿ ನಿಂತು ಒಬ್ಬೊಬ್ಬರ ಜನ್ಮ ಜಾಲಾಡಿದೆ.

ಯಾರೋ ಅಂಗಿ ಜಗ್ಗಿದರು. ದೊಡ್ಡವ್ವ. ಸೆಲ್ವಿ ಕೊಟ್ಟಿದ್ದ ಹಳೆಯ ಫೋನನ್ನು ದಿಂಬಿನಡಿಯಿಂದ ತೆಗೆದು ತಂದಿದ್ದಳು. ನೆಟ್ ಪ್ಯಾಕು ಯಾವತ್ತೋ ಮುಗಿದ ಫೋನೆಂದು ನಾನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತೆರೆದು ನೋಡಿದರೆ, ನೆಟ್ ಇದ್ದಾಗಲೇ ಅವಳು ಹಾಡನ್ನು ಪೂರ್ತಿ ನೋಡಿದ್ದಳು; ಮೊದಲಿಂದ ಕೊನೆಯವರೆಗೆ ಎಲ್ಲ ತುಂಡುಗಳೂ ಇದ್ದವು.

ಮದುವೆಯಲ್ಲಿ ಹಾಡು ಅರ್ಧವಾಗುವಷ್ಟರಲ್ಲಿ ನೆಂಟರು ಊಟಕ್ಕೆ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಕೂತ್ಕಳಿ! ಮುಗಿಯಾಗಂಟ ಎಲೆ ಆಕಾಕಿಲ್ಲ!"

ದೊಡ್ಡವ್ವ ಈಗಲೂ ದಿನಾ ಆ ಹಾಡು ಹಾಕಿಕೊಳ್ಳುತ್ತಾಳೆ. ಈಗ ನಾನೂ ಪಕ್ಕದಲ್ಲಿ ಕೂರುತ್ತೇನೆ. ಆದರೂ ಸಿಟ್ಟು ಇಳಿದಿಲ್ಲ. ಮಾತು ಹೋದ ಹೆಂಗಸು ತನ್ನ ದನಿಯನ್ನು ತಾನೊಬ್ಬಳೇ ಕೇಳುತ್ತ ಕೂತಿದ್ದಾಗ, ನಾವು ಮನೆಯವರೆಲ್ಲ ಪಕ್ಕದ ಕೋಣೆಯಲ್ಲೇ ಇದ್ದೆವಲ್ಲ!